ಬಣ್ಣದ ಲುಕ್‌ಅಪ್ ಟೇಬಲ್

ಬಣ್ಣದ ಲುಕ್‌ಅಪ್ ಟೇಬಲ್ (ಸಂಕ್ಷಿಪ್ತವಾಗಿ ಲಟ್) ಎಂಬುದು ಚಿತ್ರದ ಪ್ರತಿಯೊಂದು ಬಣ್ಣದ ಮೌಲ್ಯಕ್ಕೆ ಬದಲಾಗಿ ಯಾವ ಮೌಲ್ಯವನ್ನು ತೋರಿಸಬೇಕೆಂದು ಸೂಚಿಸುವ ಸಂಖ್ಯಾಕೋಷ್ಟಕ. ಚಲನಚಿತ್ರ ಸಂಕಲನದಲ್ಲಿ, ಲಾಗ್ ರೂಪದಲ್ಲಿ ಚಿತ್ರೀಕರಿಸಿದ ಮಂಕು ದೃಶ್ಯಗಳನ್ನು ಸಹಜ ಬಣ್ಣಗಳಲ್ಲಿ ಮುನ್ನೋಟವಾಗಿ ನೋಡಲು ಇದನ್ನು ಬಳಸಲಾಗುತ್ತದೆ. ಇದು ಮೂಲ ಕಡತವನ್ನು ಬದಲಿಸುವುದಿಲ್ಲ; ಪರದೆಯ ಮೇಲೆ ಕಾಣುವ ರೂಪವನ್ನು ಮಾತ್ರ ಬದಲಿಸುತ್ತದೆ.

ಹಿನ್ನೆಲೆ

ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ ಚಿತ್ರದ ಬಣ್ಣವನ್ನು ಸಂಸ್ಕರಣಾಲಯದಲ್ಲಿ ಹೊಂದಿಸಲಾಗುತ್ತಿತ್ತು. ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (೧೯೬೪) ಆ ಕಾಲದ್ದು. ೧೯೯೦ರ ದಶಕದಲ್ಲಿ ಕೊಡಾಕ್ ಸಂಸ್ಥೆಯ ಸಿನಿಯಾನ್ ವ್ಯವಸ್ಥೆಯು ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ ಲಾಗ್ ರೂಪದಲ್ಲಿ ಉಳಿಸುವ ಪದ್ಧತಿಯನ್ನು ತಂದಿತು. ಹೀಗೆ ಉಳಿಸಿದ ಚಿತ್ರವು ಮುಂದೆ ಪ್ರಿಂಟ್‌ನಲ್ಲಿ ಹೇಗೆ ಕಾಣುವುದೆಂದು ಗಣಕಯಂತ್ರದ ಪರದೆಯಲ್ಲೇ ತಿಳಿಯಲು ಲಟ್ ನೆರವಾಯಿತು. ಡಿಜಿಟಲ್ ಕ್ಯಾಮೆರಾಗಳೂ ಲಾಗ್ ರೂಪವನ್ನು ಅಳವಡಿಸಿಕೊಂಡ ಮೇಲೆ ಇದರ ಬಳಕೆ ಸಂಕಲನಕಾರರಿಗೂ ಹರಡಿತು.

ಲಾಗ್ ಚಿತ್ರಣ

ಕ್ಯಾಮೆರಾದ ಸಂವೇದಕ ಗ್ರಹಿಸುವ ನೆರಳು-ಬೆಳಕಿನ ವ್ಯಾಪ್ತಿಯು ದೂರದರ್ಶನದ ರೆಕ್. ೭೦೯ ಮಾನಕಕ್ಕಿಂತ ದೊಡ್ಡದು. ಲಾಗ್ ರೂಪವು ಈ ವ್ಯಾಪ್ತಿಯನ್ನು ಒತ್ತಿ ಕಡತದಲ್ಲಿ ಹಿಡಿದಿಡುತ್ತದೆ. ಉದಾಹರಣೆಗೆ, ಶೇ. ೯೦ರಷ್ಟು ಬೆಳಕನ್ನು ಪ್ರತಿಫಲಿಸುವ ಬಿಳಿ ಮೇಲ್ಮೈಯು ಸೋನಿಯ ಎಸ್-ಲಾಗ್ ೩ರಲ್ಲಿ ಸುಮಾರು ಶೇ. ೬೧ರ ಮಟ್ಟದಲ್ಲಿ ದಾಖಲಾಗುತ್ತದೆ. ಅದರ ಮೇಲಿನ ಸ್ಥಳ ಇನ್ನೂ ಪ್ರಖರವಾದ ಬೆಳಕಿಗೆ ಮೀಸಲು. ಆದ್ದರಿಂದಲೇ ಲಾಗ್ ದೃಶ್ಯ ನೇರವಾಗಿ ನೋಡಿದಾಗ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ.

ವಿಧಗಳು

ಏಕ ಆಯಾಮದ ಲಟ್: ಕೆಂಪು, ಹಸಿರು, ನೀಲಿ ಮೌಲ್ಯಗಳನ್ನು ಪ್ರತ್ಯೇಕವಾಗಿ ಬದಲಿಸುತ್ತದೆ. ಹೊಳಪು ಮತ್ತು ನೆರಳು-ಬೆಳಕಿನ ಅಂತರವನ್ನು ಹೊಂದಿಸಲು ಇದು ಸಾಕು.

ತ್ರಿ ಆಯಾಮದ ಲಟ್: ಮೂರೂ ಮೌಲ್ಯಗಳನ್ನು ಒಟ್ಟಿಗೆ ಪರಿಗಣಿಸುತ್ತದೆ. ೧೦ ಬಿಟ್ ಚಿತ್ರದಲ್ಲಿ ೧೦೭ ಕೋಟಿಗೂ ಹೆಚ್ಚು ಬಣ್ಣಗಳು ಸಾಧ್ಯವಿರುವುದರಿಂದ ಎಲ್ಲವನ್ನೂ ಕೋಷ್ಟಕದಲ್ಲಿ ಬರೆಯುವುದಿಲ್ಲ. ಪ್ರತಿ ಅಕ್ಷದಲ್ಲಿ ೧೭, ೩೩ ಅಥವಾ ೬೫ ಬಿಂದುಗಳನ್ನಿಟ್ಟು, ನಡುವಿನ ಬಣ್ಣಗಳನ್ನು ತಂತ್ರಾಂಶ ಲೆಕ್ಕಹಾಕುತ್ತದೆ. ೩೩ ಬಿಂದುಗಳ ಲಟ್‌ನಲ್ಲಿ ೩೫,೯೩೭ ನಮೂದುಗಳಿರುತ್ತವೆ.

ವರ್ಣದೃಶ್ಯವನ್ನು ಕಪ್ಪು-ಬಿಳುಪಾಗಿಸಲು ಮೂರು ಬಣ್ಣಗಳನ್ನೂ ಬೆರೆಸಬೇಕಾಗುತ್ತದೆ. ಅದು ತ್ರಿ ಆಯಾಮದ ಲಟ್‌ನಿಂದ ಮಾತ್ರ ಸಾಧ್ಯ. ಕಥೆಯ ಒಂದು ಎಳೆಯನ್ನು ವರ್ಣದಲ್ಲೂ ಇನ್ನೊಂದನ್ನು ಕಪ್ಪು-ಬಿಳುಪಿನಲ್ಲೂ ನಿರೂಪಿಸುವ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ದಂತಹ (೨೦೧೩) ಚಿತ್ರವನ್ನು ಸಂಕಲಿಸುವಾಗ ಇಂತಹ ಮುನ್ನೋಟ ಉಪಯುಕ್ತ.

ಸಂಕಲನದಲ್ಲಿ ಬಳಕೆ

ಡಾವಿಂಚಿ ರಿಸಾಲ್ವ್, ಅಡೋಬ್ ಪ್ರೀಮಿಯರ್ ಪ್ರೊ ಮುಂತಾದ ತಂತ್ರಾಂಶಗಳು ‘ಕ್ಯೂಬ್’ ಎಂಬ ಪಠ್ಯಕಡತದ ರೂಪದಲ್ಲಿರುವ ಲಟ್‌ಗಳನ್ನು ಸ್ವೀಕರಿಸುತ್ತವೆ. ರಿಸಾಲ್ವ್‌ನಲ್ಲಿ ಲಟ್ ಅನ್ನು ವೀಕ್ಷಣೆಯ ಪರದೆಗೆ ಮಾತ್ರ ಅನ್ವಯಿಸಬಹುದು. ಆಗ ಅದು ಅಂತಿಮ ಕಡತಕ್ಕೆ ಸೇರುವುದಿಲ್ಲ. ದೃಶ್ಯದ ತುಣುಕಿಗೇ ಅನ್ವಯಿಸಿದರೆ, ತೆಗೆದುಹಾಕದ ಹೊರತು, ರಫ್ತು ಮಾಡಿದ ಕಡತದಲ್ಲೂ ಉಳಿಯುತ್ತದೆ. ಸಂಕಲನಕ್ಕೆಂದು ತಯಾರಿಸುವ ಹಗುರ ಪ್ರತಿಗಳಲ್ಲಿ ಲಟ್ ಈಗಾಗಲೇ ಬೆರೆತಿದ್ದರೆ ಅದನ್ನು ಮತ್ತೆ ಅನ್ವಯಿಸಬಾರದು. ಎರಡು ಬಾರಿ ಅನ್ವಯಿಸಿದಾಗ ಬಣ್ಣಗಳು ವಿಪರೀತ ಗಾಢವಾಗುತ್ತವೆ.

ಮಿತಿಗಳು

ಲಟ್ ಸ್ಥಿರವಾದ ಕೋಷ್ಟಕವಾದುದರಿಂದ ದೃಶ್ಯದ ಬೆಳಕನ್ನು ಅರಿತು ಹೊಂದಿಕೊಳ್ಳುವುದಿಲ್ಲ. ಎಸ್-ಲಾಗ್ ೩ಕ್ಕೆ ರೂಪಿಸಿದ ಲಟ್ ಅನ್ನು ಆರಿ ಕ್ಯಾಮೆರಾದ ಲಾಗ್ ಸಿ ದೃಶ್ಯಕ್ಕೆ ಬಳಸಿದರೆ ಬಣ್ಣ ತಪ್ಪಾಗುತ್ತದೆ.

ಮುನ್ನೋಟದಲ್ಲಿ ಕಾಣದ ವಿವರ ಮೂಲದಲ್ಲಿ ಇರಲೂಬಹುದು. ‘ಮುಂಗಾರು ಮಳೆ’ (೨೦೦೬) ಚಿತ್ರದಲ್ಲಿ ಕಾಣುವ ಶಿವಮೊಗ್ಗ ಜಿಲ್ಲೆಯ ಜೋಗ ಜಲಪಾತದಂತಹ ತಾಣವನ್ನು ಲಾಗ್ ರೂಪದಲ್ಲಿ ಚಿತ್ರೀಕರಿಸಿದರೆ, ಲಟ್ ಮೂಲಕ ನೋಡುವಾಗ ಬೀಳುವ ನೀರು ಬರೀ ಬಿಳಿಯಾಗಿ, ಹಿಂದಿನ ಬಂಡೆ ಬರೀ ಕಪ್ಪಾಗಿ ಕಾಣಬಹುದು. ಲಟ್‌ಗಿಂತ ಮೊದಲಿನ ಹಂತದಲ್ಲಿ ಹೊಳಪನ್ನು ತಗ್ಗಿಸಿದರೆ ನೀರಿನ ಎಳೆಗಳು ಮರಳಿ ಕಾಣುತ್ತವೆ. ಲಟ್‌ನ ನಂತರ ತಗ್ಗಿಸಿದರೆ ಬಿಳುಪು ಬೂದಾಗುತ್ತದೆಯೇ ಹೊರತು ವಿವರ ಮರಳುವುದಿಲ್ಲ. ಆದ್ದರಿಂದ ಮುನ್ನೋಟವೊಂದನ್ನೇ ನೋಡಿ ದೃಶ್ಯವನ್ನು ತಿರಸ್ಕರಿಸದೆ, ಲಟ್ ತೆಗೆದು ಮೂಲವನ್ನು ಪರಿಶೀಲಿಸುವುದು ಸೂಕ್ತ. ಅಂತಿಮ ಬಣ್ಣ ಸಂಸ್ಕರಣೆಗೆ ಲಟ್ ಬೆರೆಯದ ಮೂಲ ಕಡತಗಳನ್ನೂ, ಮಾರ್ಗದರ್ಶನಕ್ಕಾಗಿ ಲಟ್‌ನ ಪ್ರತಿಯನ್ನೂ ಪ್ರತ್ಯೇಕವಾಗಿ ಕಳುಹಿಸಲಾಗುತ್ತದೆ.