ಎತ್ತಿನ ಹಲ್ಲು ನೋಡಿದೆವು, ನಾಯಿ ಹಲ್ಲು ನೋಡಲಿಲ್ಲ

ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ. ನಮ್ಮನೆ ಕರಿಯನ ಬಾಯಿ ಬಗ್ಗೆ, ಅದರ ನೆಪದಲ್ಲಿ ಒಂದಿಷ್ಟು ಹಳೇ ಚರಿತ್ರೆ. ಸ್ವಲ್ಪ ಉದ್ದ ಆಯ್ತು, ಬಿಡುವಾದಾಗ ಓದಿ.

ಹೋದ ವರ್ಷ ಕರಿಯನ ಬಲಗಣ್ಣಿನ ಕೆಳಗೆ ಒಂದು ಗಂಟು ಎದ್ದಿತು. ಒಡೆದು ಕೀವು ಬಂತು, ತಾನಾಗೇ ಒಣಗಿತು. ತಿಂಗಳು ಬಿಟ್ಟು ಮತ್ತೆ ಅದೇ ಜಾಗದಲ್ಲಿ. ಜೋಳದ ಹೊಲದಲ್ಲಿ ಹಂದಿ ಓಡಿಸುವಾಗ ಮುಳ್ಳು ಚುಚ್ಚಿರಬೇಕು ಅಂದ್ಕೊಂಡು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದ್ವಿ. ಮೂರನೇ ಸಲ ಎದ್ದಾಗ ಹಾಸನಕ್ಕೆ ಕರ್ಕೊಂಡು ಹೋದೆ. ಡಾಕ್ಟರು ಗಾಯ ಮುಟ್ಟುವ ಮೊದಲು ತುಟಿ ಎತ್ತಿದರು. ಮೇಲಿನ ದೊಡ್ಡ ದವಡೆಹಲ್ಲು ಕಾಣುತ್ತಲೇ ಇಲ್ಲ, ಅದರ ಮೇಲೆ ಕಂದುಬಣ್ಣದ ಕಲ್ಲು ಕಟ್ಟಿದೆ. ವಸಡು ಕೆಂಪಗೆ ಊದಿ ಹಿಂದಕ್ಕೆ ಸರಿದಿದೆ. "ಕಣ್ಣಿನ ಕೆಳಗಿನ ಕೀವು ಈ ಹಲ್ಲಿನ ಬೇರಿಂದ ಬರ್ತಿರೋದು ಯಜಮಾನ್ರೇ. ಯಾವತ್ತಾದ್ರೂ ಬಾಯಿ ನೋಡಿದ್ರಾ?" ಅಂತ ಕೇಳಿದರು.

ಒಂಬತ್ತು ವರ್ಷ ಸಾಕಿದ ನಾಯಿ. ಒಂದು ದಿನವೂ ನೋಡಿರಲಿಲ್ಲ.

ನಾಚಿಕೆ ಆಗಿದ್ದು ಯಾಕೆ ಅಂದ್ರೆ, ಬಾಯಿ ನೋಡೋದು ನನಗೆ ಬರದ ವಿದ್ಯೆ ಅಲ್ಲ. ನಮ್ಮಪ್ಪನ ಜೊತೆ ರಾಮನಾಥಪುರದ ಜಾತ್ರೆ, ಬೂಕನಬೆಟ್ಟದ ದನದ ಜಾತ್ರೆ ಸುತ್ತಿದವನು ನಾನು. ಹಳ್ಳಿಕಾರ್ ಹೋರಿ ಮುಂದೆ ನಿಂತರೆ ಮೊದಲು ಮೂಗುದಾರ ಹಿಡಿದು ಕೆಳತುಟಿ ಇಳಿಸಬೇಕು. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿ ಕೂಡಿತು ಅಂತ ಲೆಕ್ಕ. ಹಲ್ಲು ನೋಡಿ ವಯಸ್ಸು ಹೇಳಬೇಕು, ವಯಸ್ಸಿನ ಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕಟ್ಟಬೇಕು. ಹಲ್ಲಿಗೆ ಬೆಲೆ ಇತ್ತು, ಅದಕ್ಕೇ ನೋಡ್ತಿದ್ವಿ. ನಾಯಿಯನ್ನ ಯಾರೂ ಜಾತ್ರೆಗೆ ಹೊಡ್ಕೊಂಡು ಹೋಗಲಿಲ್ಲ.

ಇದು ನಮ್ಮ ಕಾಲದ ತಪ್ಪು ಮಾತ್ರ ಅಲ್ಲ. ಸುಮಾರು 900 ವರ್ಷದ ಹಿಂದೆ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಅಂತ ಪುಸ್ತಕ ಬರೆದ. ದನದ ಔಷಧಿಗೆ ಅಷ್ಟು ಹಿಂದೆಯೇ ಕನ್ನಡದಲ್ಲಿ ಪುಸ್ತಕ! ಆಮೇಲೆ ಅಭಿನವಚಂದ್ರ ಎನ್ನುವ ಕವಿ ಕುದುರೆ ವೈದ್ಯ ಬರೆದ. ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರು ಅರಮನೆ ದನಕ್ಕೆ ಬೆಣ್ಣೆ ಚಾವಡಿ ಅಂತ ಇಲಾಖೆಯನ್ನೇ ಮಾಡಿದರು. ಅದಕ್ಕೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯಲು ಆ ಎತ್ತು ಬೇಕಾಗಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರೂ ಆ ದನ, ಆ ಕಾವಲುಗಳನ್ನ ಬಿಡಲಿಲ್ಲ. ದುಡಿಯೋ ದನಕ್ಕೆ, ಯುದ್ಧಕ್ಕೆ ಹೋಗೋ ಕುದುರೆಗೆ ವೈದ್ಯ, ಲೆಕ್ಕ, ಕಾವಲುಗಾರ ಎಲ್ಲಾ ಇದ್ದರು.

ನಾಯಿಗೆ ಏನು ಸಿಕ್ಕಿತು? ಕಲ್ಲು ಸಿಕ್ಕಿತು. ತಮಾಷೆಗೆ ಹೇಳ್ತಿಲ್ಲ. ನಮ್ಮ ಪಕ್ಕದ ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಒಂದು ಶಾಸನ ಸಿಕ್ಕಿದೆ. ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ಚೋಳರನ್ನ ಸೋಲಿಸಿದರು. ಬೂತುಗನ ಕಡೆ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ದೊರೆಯ ಕಾಳಿ ಎಂಬ ನಾಯಿಯನ್ನ. ಆ ಕಾಳಿಯನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ಟಾಗ ಹಂದಿ, ನಾಯಿ ಎರಡೂ ಕಾದಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಬಾರದು ಅಂತಲೂ ಬರೆಸಿದ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿ, ಹಂದಿ ಎದುರುಬದುರು ಹಾರುತ್ತಿರುವ ಕೆತ್ತನೆ ಅದರ ಮೇಲಿದೆ.

ಕಾಳಿ ಬದುಕಿದ್ದೂ ಹಲ್ಲಿನಿಂದ, ಹೆಸರು ಉಳಿದದ್ದೂ ಹಲ್ಲಿನಿಂದ. ಸತ್ತ ಮೇಲೆ ನಾಯಿಗೆ ಪೂಜೆ ಮಾಡೋಕೆ ನಮಗೆ ಬಂತು. ಬದುಕಿದ್ದಾಗ ಬಾಯಿ ನೋಡೋದು ಮಾತ್ರ ರೂಢಿಗೆ ಬರಲೇ ಇಲ್ಲ.

ಇಲ್ಲಿ ಕೆಲವರು ಹೇಳ್ತೀರ, "ಅಣ್ಣ, ಹಳೇ ಕಾಲದ ನಾಯಿಗೆ ಹಲ್ಲಿನ ರೋಗ ಇರಲಿಲ್ಲ, ಮೂಳೆ ಕಡಿದು ತಾನೇ ಕ್ಲೀನ್ ಆಗ್ತಿತ್ತು" ಅಂತ. ನಾನೂ ಹಾಗೇ ನಂಬಿದ್ದೆ. ಆದರೆ ಬೇರೆ ದೇಶಗಳಲ್ಲಿ ಅಗೆದು ತೆಗೆದ ಹಳೇ ನಾಯಿ ಬುರುಡೆಗಳಲ್ಲೂ ಉದುರಿದ ಹಲ್ಲು, ಸವೆದ ದವಡೆ ಮೂಳೆ ಸಿಕ್ಕಿವೆ. ರೋಗ ಆಗಲೂ ಇತ್ತು. ನಮ್ಮ ಕಡೆ ಬೀದಿ ನಾಯಿ, ಹೊಲದ ನಾಯಿ ಹುಚ್ಚಿಗೋ, ಚಿರತೆಗೋ, ಲಾರಿಗೋ ಬೇಗ ಹೋಗ್ತಿತ್ತು, ಹಲ್ಲು ಕೆಡುವಷ್ಟು ವಯಸ್ಸೇ ಆಗ್ತಿರಲಿಲ್ಲ. ಈಗ ಲಸಿಕೆ ಇದೆ, ಮನೆ ಒಳಗೆ ಮಲಗುತ್ತವೆ, ಹತ್ತು ಹನ್ನೆರಡು ವರ್ಷ ಬದುಕುತ್ತವೆ. ಊಟವೂ ಮೆತ್ತಗಾಗಿದೆ. ನಾಯಿ ಬಿಸ್ಕೆಟ್ ಅನ್ನೋದನ್ನ 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬವನು ಮಾರಾಟಕ್ಕೆ ತಂದ. ಈಗ ಚನ್ನರಾಯಪಟ್ಟಣದ ಅಂಗಡೀಲೂ ನಾಯಿ ಆಹಾರದ ಚೀಲ ನೇತಾಡ್ತದೆ. ನಮ್ಮನೇಲಿ ಕರಿಯನಿಗೆ ಬೆಳಿಗ್ಗೆ ಹಾಲು ಬಿಸ್ಕೆಟ್, ರಾತ್ರಿ ಮುದ್ದೆ ಸಾರು. ಹಲ್ಲಿಗೆ ಅಂಟೋದೇ ಎಲ್ಲ.

ಡಾಕ್ಟರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಊಟ ಆದ ಮೇಲೆ ಹಲ್ಲಿನ ಮೇಲೆ ಲೋಳೆಯಂಥ ಪದರ ಕೂರುತ್ತೆ. ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತೆ. ಬಿಟ್ಟರೆ ಕೆಲವೇ ದಿನದಲ್ಲಿ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿಯಾಗುತ್ತೆ, ಬಿಸಿನೀರು ಕಾಯಿಸೋ ಹಂಡೆ ಒಳಗೆ ಕಟ್ಟೋ ಕಿಟ್ಟದ ಹಾಗೆ. ಆಮೇಲೆ ಮನೇಲಿ ಉಜ್ಜಿದರೆ ಹೋಗಲ್ಲ, ಮತ್ತು ಬರಿಸಿ ಡಾಕ್ಟರೇ ತೆಗೀಬೇಕು. ಚಾಕುವಲ್ಲಿ ನಾವೇ ಕೆರೆಯಬಾರದು. ಕಿಟ್ಟ ವಸಡಿನ ಒಳಗೆ ಇಳಿದರೆ ಹಲ್ಲು ಹಿಡಿದಿರೋ ಮೂಳೆಯೇ ಕರಗುತ್ತೆ. ನಾಯಿಗೆ 42 ಹಲ್ಲು, ನೋವಿದ್ದರೂ ಇನ್ನೊಂದು ಪಕ್ಕದಲ್ಲಿ ಅಗಿದು ಉಣ್ಣುತ್ತೆ, ನಮಗೆ ಗೊತ್ತೇ ಆಗಲ್ಲ. ಬೆಕ್ಕಿನದ್ದೂ ಇದೇ ಕಥೆ.

ಬಾಯಿ ವಾಸನೆ "ನಾಯಿ ಅಂದ್ಮೇಲೆ ವಾಸನೆ ಇರುತ್ತೆ" ಅಂತ ಬಿಡಬೇಡಿ. ಜೊಲ್ಲಲ್ಲಿ ರಕ್ತ, ಒಂದೇ ಪಕ್ಕ ಅಗಿಯೋದು, ಗಟ್ಟಿ ತಿಂಡಿ ಬಾಯಿಂದ ಬೀಳಿಸೋದು, ಇವೆಲ್ಲ ಗುರುತು. ಮರಿ ಇದ್ದಾಗಿಂದಲೇ ಬಾಯಿ ಮುಟ್ಟಿಸಿಕೊಳ್ಳೋದು ಅಭ್ಯಾಸ ಮಾಡಿಸಿ. ಮೆತ್ತನೆ ಬ್ರಷ್ಷೋ, ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯೋ ಸಾಕು, ದಿನಾ ವಸಡಿನ ಅಂಚಲ್ಲಿ ಒರೆಸಿ. ನಮ್ಮ ಪೇಸ್ಟ್ ಬೇಡ, ಅವು ಉಗಿಯಲ್ಲ, ನುಂಗುತ್ತವೆ. ಕೆಲವು ಪೇಸ್ಟಲ್ಲಿರೋ ಜೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ. ನಾವು ನಂಜನಗೂಡು ಹಲ್ಲುಪುಡಿ, ಬೇವಿನ ಕಡ್ಡಿ, ಇದ್ದಿಲಲ್ಲಿ ಬೆಳೆದವರು, ಅದನ್ನೆಲ್ಲ ನಾಯಿ ಮೇಲೆ ಪ್ರಯೋಗ ಮಾಡೋದು ಬೇಡ. ಬೇಯಿಸಿದ ಮೂಳೆಯೂ ಬೇಡ. ಹಲ್ಲು ಸೀಳುತ್ತೆ, ಚೂರು ಗಂಟಲಿಗೆ, ಕರುಳಿಗೆ ಚುಚ್ಚುತ್ತೆ.

ಕರಿಯನ ಆ ಹಲ್ಲು ಕೀಳಿಸಿದ್ದಾಯ್ತು, ಜೊತೆಗೆ ಇನ್ನೂ ಮೂರು. ಕಣ್ಣಿನ ಕೆಳಗಿನ ಗಾಯ ಮತ್ತೆ ಎದ್ದಿಲ್ಲ. ಹಂದಿ ಬಂದರೆ ಈಗಲೂ ಬೊಗಳುತ್ತಾನೆ, ಆದರೆ ಮುಂದೆ ನುಗ್ಗಲ್ಲ. ವಯಸ್ಸಾಯ್ತು ಅಂತಾರೆ ಮನೆಯವರು. ಎಷ್ಟು ವರ್ಷದಿಂದ ನೋವು ನುಂಗ್ತಿದ್ದನೋ ಅಂತ ನನಗೆ ಅನ್ನಿಸ್ತದೆ.

ಇವತ್ತು ರಾತ್ರಿ ಮುದ್ದೆ ಹಾಕೋ ಮುಂಚೆ ನಿಮ್ಮ ನಾಯಿ ತುಟಿ ಒಂದ್ಸಲ ಎತ್ತಿ ನೋಡಿ.