ಇಳಿಜಾರಿನಲ್ಲಿ ಬೈಕ್ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಯೇ?

ತುಮಕೂರಿಗೆ ಹತ್ತಿರದ ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಇಂಥ ಬೆಟ್ಟದಿಂದ ಬೈಕ್‌ನಲ್ಲಿ ಇಳಿಯುವ ಹೊಸಬರಿಗೆ ಒಂದು ಸಲಹೆ ಸಿಗುವುದುಂಟು: ‘ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತೆ.’ ಇದು ನಿಜವೇ? ನೋಡೋಣ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬಹುತೇಕ ಬೈಕ್‌ಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಈ ವ್ಯವಸ್ಥೆ ಸಾಮಾನ್ಯವಾಗಿ ಪೆಟ್ರೋಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಪೆಟ್ರೋಲ್ ಹರಿಯುತ್ತಲೇ ಇರಬೇಕು. ಎಂಜಿನ್ ಆಫ್ ಮಾಡಿ ಜಾರಿದರೆ ಪೆಟ್ರೋಲ್ ಉಳಿಯುವುದೇನೋ ನಿಜ, ಆದರೆ ಅದು ಕೆಲವು ಹನಿ ಮಾತ್ರ.

ಎರಡರಲ್ಲೂ ನಾವು ಕಳೆದುಕೊಳ್ಳುವುದು ಎಂಜಿನ್ನಿನ ಹಿಡಿತವನ್ನು. ವೇಗ ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ವಿಪರೀತ ಕಾದರೆ ಹಿಡಿತ ಕುಗ್ಗುತ್ತದೆ. ಡಿಸ್ಕ್ ಬ್ರೇಕಿನ ಹಳೆಯ ಆಯಿಲ್ ತೇವಾಂಶ ಹೀರಿಕೊಂಡಿದ್ದರೆ ಬೇಗ ಕುದಿಯುತ್ತದೆ, ಲಿವರ್ ಸಡಿಲವಾಗುತ್ತದೆ. ತಿರುವಿನಲ್ಲಿ ಕೋತಿ ಅಡ್ಡ ಬಂದಾಗ ಬ್ರೇಕ್ ಹಿಡಿಯದಿದ್ದರೆ?

ಹಾಗಾದರೆ ಏನು ಮಾಡಬೇಕು?

• ಹೊರಡುವ ಮೊದಲು ಟೈರಿನ ಗಾಳಿ, ಎರಡೂ ಬ್ರೇಕ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಬೈಕಿನ ಕೈಪಿಡಿ ಹೇಳಿದ ಅವಧಿಗೆ ಆಯಿಲ್ ಬದಲಿಸಿ.
• ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಕ್ಲಚ್ ಹಿಡಿದುಕೊಂಡೇ ಇರಬೇಡಿ. ಅದೂ ನ್ಯೂಟ್ರಲ್ ಇದ್ದಂತೆಯೇ.
• ಬ್ರೇಕನ್ನು ಒತ್ತಿಕೊಂಡೇ ಇರಬೇಡಿ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಿ, ಬಿಡಿ.
• ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಂಜಿನ್ ಹಿಡಿತ ಕಡಿಮೆ. ಮೊದಲಿನಿಂದಲೇ ನಿಧಾನವಾಗಿ ಇಳಿಯಿರಿ.

ಇಳಿಯುವಾಗ ಲಿವರ್ ಮೆತ್ತಗಾದಂತೆ ಅನಿಸಿದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಬ್ರೇಕ್ ತಣ್ಣಗಾಗಲು ಬಿಡಿ. ಹಿಡಿತ ಮರಳಿದೆಯೇ ಎಂದು ನೋಡಿಕೊಂಡೇ ಮುಂದೆ ಹೊರಡಿ.