ವಿದೇಶಿ ಉದ್ಯೋಗಕ್ಕೆ ಶೈಕ್ಷಣಿಕ ದಾಖಲೆಗಳ ದೃಢೀಕರಣ

ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳು ಅಸಲಿ ಎಂದು ಹೊರದೇಶದ ಸರ್ಕಾರಕ್ಕೆ ಖಾತ್ರಿಪಡಿಸುವ ಸಹಿ-ಮೊಹರುಗಳ ಸರಣಿಯೇ ದೃಢೀಕರಣ. ಜನರ ಬಾಯಲ್ಲಿ ಇದು ಅಟೆಸ್ಟೇಷನ್. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಮಾತು ಗಲ್ಫ್ ಉದ್ಯೋಗದ ಬೆನ್ನಿಗೇ ಬಂದು ಮನೆಮಾತಾಯಿತು. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಕಾಣಿಯೂರಿನ ಪದವೀಧರರೊಬ್ಬರು ದುಬೈಯಲ್ಲಿ ಕೆಲಸಕ್ಕೆ ಸೇರಬೇಕಾದರೆ, ಅವರಿಗಿಂತ ಮೊದಲು ಅವರ ಪ್ರಮಾಣಪತ್ರ ಬೆಂಗಳೂರು, ದೆಹಲಿಗಳ ಕಚೇರಿಗಳನ್ನು ದಾಟಿರಬೇಕು.

ಈ ಸರಣಿಯ ಹಳೆಯ ಕೊಂಡಿ ನೋಟರಿ. ಇಂಗ್ಲೆಂಡಿನಲ್ಲಿ ನೋಟರಿಗಳನ್ನು ನೇಮಿಸುವ ಅಧಿಕಾರ 1533ರ ಕಾಯ್ದೆಯಿಂದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಪೀಠಕ್ಕೆ ಬಂದಿತ್ತು. ಭಾರತದಲ್ಲಿ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ಹುಂಡಿ, ಚೆಕ್ಕುಗಳ ವ್ಯವಹಾರಕ್ಕಾಗಿ ನೋಟರಿಗಳ ನೇಮಕಕ್ಕೆ ಅವಕಾಶ ಕೊಟ್ಟಿತು. ಸ್ವಾತಂತ್ರ್ಯದ ನಂತರ ಬಂದ 1952ರ ನೋಟರಿ ಕಾಯ್ದೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡಕ್ಕೂ ಆ ಅಧಿಕಾರ ನೀಡಿತು. 1956ರ ನಿಯಮಗಳು ಅರ್ಹತೆಯನ್ನು ನಿಗದಿಪಡಿಸಿದವು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರು ನೋಟರಿಯಾಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು.

ನೋಟರಿಯ ಸಹಿ ಹೇಳುವುದು ಒಂದೇ ಸಂಗತಿ: ಈ ನಕಲು ಮೂಲಕ್ಕೆ ಸರಿಹೊಂದುತ್ತದೆ. ಮೂಲವನ್ನು ಕೊಟ್ಟ ವಿಶ್ವವಿದ್ಯಾಲಯ ನಿಜವೇ, ಕುಲಸಚಿವರ ಸಹಿ ಅವರದ್ದೇ ಎಂಬುದಕ್ಕೆ ಅದು ಹೊಣೆಯಲ್ಲ. ಆದ್ದರಿಂದಲೇ ಅದರ ಮೇಲೆ ಇನ್ನಷ್ಟು ಮೊಹರುಗಳು ಬಂದು ಕುಳಿತವು. ರಾಜ್ಯ ಸರ್ಕಾರದ ಅಧಿಕಾರಿ ಪ್ರಮಾಣಪತ್ರವನ್ನು ದೃಢೀಕರಿಸಬೇಕು, ಆ ಅಧಿಕಾರಿಯ ಸಹಿಯನ್ನು ದೆಹಲಿಯ ವಿದೇಶಾಂಗ ಸಚಿವಾಲಯ ಒಪ್ಪಬೇಕು, ಸಚಿವಾಲಯದ ಮೊಹರಿಗೆ ಉದ್ಯೋಗ ಕೊಡುವ ದೇಶದ ರಾಯಭಾರ ಕಚೇರಿ ತನ್ನದನ್ನು ಸೇರಿಸಬೇಕು. ಯುಎಇಯಂಥ ದೇಶಗಳಲ್ಲಿ ಇಳಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು.

ಸಾಮಾನ್ಯ ಕ್ರಮದಲ್ಲಿ ದಾಖಲೆ ಯಾವ ರಾಜ್ಯದ್ದೋ ದೃಢೀಕರಣವೂ ಆ ರಾಜ್ಯದ್ದೇ. ದಕ್ಷಿಣ ಕನ್ನಡದ ಶಿಕ್ಷಣದ ಇತಿಹಾಸ ಈ ದಾರಿಯನ್ನು ಕವಲಾಗಿಸಿದೆ. ಭಾಷಾವಾರು ಪ್ರಾಂತ್ಯ ರಚನೆಯಾಗುವ 1956ರವರೆಗೆ ಜಿಲ್ಲೆ ಮದರಾಸಿಗೆ ಸೇರಿತ್ತು, ಪದವಿಯೂ ಮದರಾಸು ವಿಶ್ವವಿದ್ಯಾಲಯದ್ದು. ಆಮೇಲೆ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಧೀನಕ್ಕೆ ಬಂದವು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಆರಂಭವಾದದ್ದು ಈ ಅವಧಿಯಲ್ಲೇ. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಹೀಗೆ ಒಂದೇ ಕಾಲೇಜಿನಲ್ಲಿ ಓದಿದ ಅಣ್ಣನ ಪದವಿ ಮೈಸೂರಿನದು, ತಮ್ಮನದು ಮಂಗಳೂರಿನದು ಆಗುವುದು ಸಾಧ್ಯವಾಯಿತು. ಎಂಜಿನಿಯರಿಂಗ್ ಪದವೀಧರರಿಗೆ 1998ರಲ್ಲಿ ಆರಂಭವಾದ ಬೆಳಗಾವಿಯ ವಿಟಿಯು, ನರ್ಸಿಂಗ್ ಮತ್ತು ವೈದ್ಯಕೀಯ ಓದಿದವರಿಗೆ 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿಕೊಂಡವು. ಗಡಿಯಾಚೆ ಕಾಸರಗೋಡಿನ ಕನ್ನಡಿಗರಿಗೆ ಕೇರಳದ ನೋರ್ಕಾ ರೂಟ್ಸ್ ಸಂಸ್ಥೆಯ ನೆರವಿದೆ. ಆದರೆ ಮಂಗಳೂರಿನಲ್ಲಿ ಪದವಿ ಪಡೆದವರು ಸಾಮಾನ್ಯವಾಗಿ ಕರ್ನಾಟಕದ ದಾರಿಯನ್ನೇ ಹಿಡಿಯಬೇಕು.

ಮೊಹರುಗಳ ಸಾಲನ್ನು ಮೊಟಕು ಮಾಡಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ. ಸದಸ್ಯ ದೇಶವೊಂದು ಹಚ್ಚುವ ‘ಅಪೋಸ್ಟಿಲ್’ ಎಂಬ ಒಂದೇ ಮುದ್ರೆಯನ್ನು ಉಳಿದ ಸದಸ್ಯ ದೇಶಗಳು ಒಪ್ಪಿಕೊಳ್ಳಬೇಕು, ರಾಯಭಾರ ಕಚೇರಿಗೆ ಹೋಗುವ ಅಗತ್ಯವಿಲ್ಲ. ಚೌಕಾಕಾರದ ಈ ಮುದ್ರೆಯಲ್ಲಿ ಸಹಿ ಮಾಡಿದವರು ಯಾರು, ಯಾವ ಹುದ್ದೆಯವರು, ಎಲ್ಲಿ, ಯಾವಾಗ ಎಂಬಂಥ ಹತ್ತು ಅಂಶಗಳಿರುತ್ತವೆ. ಭಾರತದ ಮಟ್ಟಿಗೆ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ದಾಖಲಿಸಿದ್ದರಿಂದ ಆ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯಲಿಲ್ಲ.

ಕರಾವಳಿಯವರಿಗೆ ಹೆಚ್ಚು ಮುಖ್ಯವಾದ ತಾರೀಖುಗಳು ಬೇರೆ. ಒಪ್ಪಂದ ಒಮಾನ್‌ನಲ್ಲಿ 2012ರಲ್ಲಿ, ಬಹರೈನ್‌ನಲ್ಲಿ 2013ರಲ್ಲಿ ಜಾರಿಯಾಯಿತು, ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಂದು, ಕೆನಡಾದಲ್ಲಿ 2024ರ ಜನವರಿ 11ರಂದು. ಯುಎಇ, ಕುವೈತ್, ಕತಾರ್ ಮಾತ್ರ ಹೊರಗೇ ಉಳಿದವು. ಅಲ್ಲಿಗೆ ಹೊರಟವರಿಗೆ ರಾಯಭಾರ ಕಚೇರಿಯ ಮೊಹರು ತಪ್ಪಲಿಲ್ಲ.

ಭಾರತದಲ್ಲಿ ವಿದೇಶಾಂಗ ಸಚಿವಾಲಯ 2012ರಿಂದ ಅರ್ಜಿ ಸ್ವೀಕರಿಸುವ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ವಹಿಸಿತು. 2019ರಲ್ಲಿ ದೃಢೀಕರಣದ ಅಧಿಕಾರ ದೆಹಲಿಯಾಚೆಗೂ ಹರಡಿ ಬೆಂಗಳೂರಿಗೂ ಬಂತು. ಆ ಹೊತ್ತಿಗೆ 2017ರ ‘ಇ-ಸನದ್’ ಆನ್‌ಲೈನ್ ವ್ಯವಸ್ಥೆ ದಾಖಲೆಯನ್ನು ಕೊಟ್ಟ ಸಂಸ್ಥೆಯಿಂದಲೇ ಪರಿಶೀಲಿಸಿಕೊಳ್ಳುವ ದಾರಿ ತೆರೆದಿತ್ತು. ಕೆನಡಾಕ್ಕೆ ವಲಸೆ ಹೋಗುವವರ ಪದವಿ ಮೌಲ್ಯಮಾಪನದಲ್ಲೂ ವಿಶ್ವವಿದ್ಯಾಲಯದಿಂದ ನೇರವಾಗಿ ಬಂದ ದಾಖಲೆಗಳಿಗೇ ಬೆಲೆ. ನಕಲಿ ಪದವಿಗೆ ಮೊಹರುಗಳ ಸಾಲಿಗಿಂತ ಈ ನೇರ ವಿಚಾರಣೆಯೇ ಗಟ್ಟಿಯಾದ ತಡೆ.

ಎಷ್ಟು ಸುಧಾರಣೆ ಬಂದರೂ ಊರಿನವರನ್ನು ಕಾಡುವ ತೊಡಕೊಂದು ಉಳಿದಿದೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಪೂರ್ತಿಯಾಗಿ. ಇಬ್ಬರೂ ಒಬ್ಬರೇ ಎಂದು ತೋರಿಸಲು ಮತ್ತೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಮಕ್ಕಳ ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗಲೇ ಹೆಸರನ್ನು ಪೂರ್ಣವಾಗಿ, ಆಧಾರ್‌ನಲ್ಲಿರುವಂತೆಯೇ ಬರೆಸಿ, ಮಾರ್ಕ್ಸ್‌ಕಾರ್ಡ್ ಕೈಗೆ ಬಂದ ದಿನವೇ ಅಕ್ಷರಗಳನ್ನು ತಾಳೆ ನೋಡಿ. ಮುಂದೆ ಎಷ್ಟೋ ವರ್ಷಗಳ ನಂತರ ಎದುರಾಗಬಹುದಾದ ಅಲೆದಾಟ ಅಲ್ಲಿಗೇ ತಪ್ಪುತ್ತದೆ.